ಮಗ ಕಟ್ಟಿದ ಗಾಡಿ

“ಸಾರ್, ಆರು ತಿಂಗಳು ಅಮೆರಿಕದಲ್ಲಿ ಕೂತು ಏನು ಮಾಡಿದ್ರಿ?” ಎಂದು ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ. ನಯಾಗರಾ ಜಲಪಾತದ ವರ್ಣನೆಯನ್ನು ನಿರೀಕ್ಷಿಸಿದ್ದನೆಂದು ತೋರುತ್ತದೆ. “ಗಾಡಿ ಕಟ್ಟಿದೆನಪ್ಪ” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಮೇಷ್ಟರಿಗೆ ವಯಸ್ಸಾಯಿತು ಎಂದುಕೊಂಡಿರಬೇಕು. ಮೂವತ್ತನಾಲ್ಕು ವರ್ಷ ವಿಜ್ಞಾನ ಪಾಠ ಹೇಳಿಯೂ ಮನೆಯ ಫ್ಯೂಸು ಹೋದರೆ ಲೈನ್‌ಮನ್‌ಗೆ ಹೇಳಿಕಳುಹಿಸುತ್ತಿದ್ದವನು ನಾನು. ಇದು ನನ್ನ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ಚೆನ್ನಾಗಿ ತಿಳಿದ ಸಂಗತಿ. ಆದ್ದರಿಂದ ಈ ಗಾಡಿಯ ವೃತ್ತಾಂತವನ್ನು ಮೊದಲಿನಿಂದಲೇ ಹೇಳುವುದು ಒಳ್ಳೆಯದು.

ನನ್ನಾಕೆ ತೀರಿಕೊಂಡದ್ದು 2021ರಲ್ಲಿ. ಅವಳಿದ್ದಾಗ ಅಮೆರಿಕದ ಕೊಲರಾಡೋದಲ್ಲಿರುವ ಮಗನೊಡನೆ ಪ್ರತಿ ಭಾನುವಾರ ಗಂಟೆಗಟ್ಟಲೆ ಮಾತು. ಕೊನೆಯಲ್ಲಿ “ಇರು, ಅಪ್ಪನಿಗೆ ಕೊಡ್ತೀನಿ” ಎಂದು ಫೋನನ್ನು ನನ್ನ ಕೈಗಿಡುವಳು. “ಹೇಗಿದ್ದೀಯಪ್ಪ?” ಎಂದು ನಾನು, “ಚೆನ್ನಾಗಿದ್ದೀನಿ, ನೀವು?” ಎಂದು ಅವನು. ಅಲ್ಲಿಗೆ ನಮ್ಮಿಬ್ಬರ ಸಂಭಾಷಣೆ ಮುಗಿಯಿತು. ಅವಳು ಹೋದ ಮೇಲೆ ಆ ಎರಡು ವಾಕ್ಯಗಳಷ್ಟೇ ಉಳಿದವು. ಜಗಳವೇನೂ ಇರಲಿಲ್ಲ, ಆಡುವ ಮಾತು ಇರಲಿಲ್ಲ. ಇದು ಎಷ್ಟೋ ಮನೆಗಳಲ್ಲಿ ಇರುವಂಥದ್ದೇ.

2023ರ ಏಪ್ರಿಲ್ ಕೊನೆಯಲ್ಲಿ ಅವನ ಒತ್ತಾಯಕ್ಕೆ ನಾನು ಅಲ್ಲಿಗೆ ಹೋದೆ. ಡೆನ್ವರ್ ನಗರದ ಹೊರವಲಯದಲ್ಲಿ ಮನೆ. ಪಶ್ಚಿಮಕ್ಕೆ ನೋಡಿದರೆ ಹಿಮ ಹೊತ್ತ ರಾಕಿ ಪರ್ವತಗಳು. ಕಾರು ನಿಲ್ಲಿಸುವ ಗ್ಯಾರೇಜಿನಲ್ಲಿ ಕಾರಿರಲಿಲ್ಲ. ಕಬ್ಬಿಣದ ಕೊಳವೆಗಳು, ಎರಡು ಗಾಲಿಗಳು, ಗುಲಾಬಿ ಬಣ್ಣದ ಹಲಗೆಗಳು, ಡಬ್ಬಿಗಳು ತುಂಬಿದ್ದವು. “ಇದೇನಪ್ಪ ಗುಜರಿ?” ಎಂದೆ. “ಕ್ಯಾಂಪರ್ ಟ್ರೇಲರ್ ಅಪ್ಪ. ಕಾರಿನ ಹಿಂದೆ ಎಳೆದುಕೊಂಡು ಹೋಗೋದು. ಒಳಗೆ ಮಲಗಬಹುದು, ಹಿಂದೆ ಅಡಿಗೆ ಮಾಡಬಹುದು. ನಾನೇ ಕಟ್ತಾ ಇದ್ದೀನಿ” ಎಂದ. ಕಂಪ್ಯೂಟರ್ ಮುಂದೆ ಕುಳಿತು ಸಂಬಳ ಎಣಿಸುವವನಿಗೆ ಇದೇಕೆ ಬೇಕಿತ್ತು ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ.

ಆ ದೇಶದಲ್ಲಿ ಇದು ಹೊಸ ಹುಚ್ಚಲ್ಲ. 1930ರ ದಶಕದಲ್ಲೇ ಅಲ್ಲಿನ ಜನ ಮನೆಯಲ್ಲಿ ಸಣ್ಣ ಟ್ರೇಲರುಗಳನ್ನು ಕಟ್ಟಿಕೊಳ್ಳತೊಡಗಿದ್ದರು. ಆಕಾರ ನೀರಿನ ಹನಿಯಂತೆ ಇದ್ದುದರಿಂದ ಅವುಗಳಿಗೆ ಕಣ್ಣೀರ ಹನಿಯ ಹೆಸರೇ ಬಂದಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಸೈನ್ಯಕ್ಕೆ ಬೇಡವಾದ ಜೀಪುಗಳೂ ಅವುಗಳ ಪುಟ್ಟ ಟ್ರೇಲರುಗಳೂ ಜನರ ಕೈಗೆ ಬಂದವು. ರಸ್ತೆಯಿಲ್ಲದ ಕಡೆಗೂ ಗಾಡಿ ಎಳೆದೊಯ್ಯುವ ಅಭ್ಯಾಸಕ್ಕೆ ಅವು ಅನುಕೂಲವಾದವು. ಈಗ ಕಂಪನಿಗಳೇ ಅಂಥ ಟ್ರೇಲರುಗಳನ್ನು ಮಾಡಿ ಮಾರುತ್ತವೆ. ಆದರೆ ಒಳ್ಳೆಯದೊಂದಕ್ಕೆ ಸಣ್ಣ ಕಾರಿನ ಬೆಲೆ. ಹಾಗಾಗಿ ಕೈಯಲ್ಲಿ ಕಟ್ಟುವವರು ಇನ್ನೂ ಇದ್ದಾರೆ.

ನಮಗೂ ಇದು ಹೊಸದೇನಲ್ಲ. ನನ್ನ ತಂದೆ ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಗೆ ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹೊರಡುತ್ತಿದ್ದರು. ಬಿದಿರು ಬಗ್ಗಿಸಿ ಮೇಲೆ ಚಾಪೆ ಹೊದಿಸಿದರೆ ಅದೇ ಚಾವಣಿ. ಒಳಗೆ ಹುಲ್ಲಿನ ಮೆತ್ತೆ, ಹಿಂದೆ ಪಾತ್ರೆಯ ಮೂಟೆ, ಕೆಳಗೆ ತೂಗುಬಿಟ್ಟ ಲಾಂದ್ರ. ದಾರಿಯಲ್ಲಿ ತೋಪು ಕಂಡಲ್ಲಿ ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿದರೆ ಆಯಿತು. ಇದನ್ನು ಹೇಳಿದಾಗ ಹದಿನಾಲ್ಕು ವರ್ಷದ ಮೊಮ್ಮಗಳು, “ಹಾಗಾದರೆ ಮುತ್ತಾತನ ಹತ್ತಿರವೂ ಕ್ಯಾಂಪರ್ ಇತ್ತು!” ಎಂದಳು. ಇತ್ತು; ಎಳೆಯಲು ಎರಡು ಹಳ್ಳಿಕಾರ್ ಎತ್ತುಗಳೂ ಇದ್ದವು.

ಮೇ ತಿಂಗಳೆಲ್ಲ ತಳದ ಕೆಲಸ. ಎಂಟಡಿ ಉದ್ದ, ಐದಡಿ ಅಗಲದ ಚೌಕಟ್ಟನ್ನು ಮಗ ಬೆಸುಗೆ ಹಾಕಿ ನಿಲ್ಲಿಸಿದ. ಅಚ್ಚನ್ನು ಲಾರಿಗಳಿಗಿರುವಂಥ ಕಮಾನು ಪಟ್ಟಿಗಳ ಮೇಲಲ್ಲ, ಕೆಳಗೆ ಕಟ್ಟಿದ. ಅದರಿಂದ ಗಾಡಿಯ ಹೊಟ್ಟೆ ನೆಲದಿಂದ ಇನ್ನಷ್ಟು ಮೇಲೇರಿತು. ಗಾಲಿಗಳು ಅವನ ಜೀಪಿನ ಗಾಲಿಗಳ ಅಳತೆಯವೇ, ಬೋಲ್ಟುಗಳ ಅಂತರವೂ ಅದೇ. ಎರಡಕ್ಕೂ ಒಂದೇ ಬದಲಿ ಗಾಲಿ ಸಾಕಲ್ಲವೆ? ಟ್ರೇಲರಿನ ಎರಡು ಗಾಲಿಗಳ ನಡುವಿನ ಅಂತರವನ್ನೂ ಜೀಪಿಗೆ ಸರಿಯಾಗಿ ಹೊಂದಿಸಿದ್ದ. ಮುಂದಿನ ಗಾಲಿ ತುಳಿದ ಜಾಡಿನಲ್ಲೇ ಹಿಂದಿನದೂ ಬಂದರೆ ಕಲ್ಲುಮುಳ್ಳಿನ ದಾರಿಯಲ್ಲಿ ಎಳೆತ ಹಗುರ. ಜೀಪಿಗೆ ಸಿಕ್ಕಿಸುವ ಕೊಂಡಿಯೂ ಸಾಮಾನ್ಯವಾದುದಲ್ಲ. ಜೀಪು ಒಂದು ಕಡೆ ವಾಲಿದಾಗ ಟ್ರೇಲರು ಇನ್ನೊಂದು ಕಡೆ ವಾಲಿದರೂ ಮುರಿಯದಂತೆ ಎಲ್ಲ ದಿಕ್ಕಿಗೂ ತಿರುಗುವಂಥದ್ದು. ಚೌಕಟ್ಟಿನಿಂದ ಮುಂದಕ್ಕೆ ಚಾಚಿದ ಕಬ್ಬಿಣದ ತೊಲೆಗೆ ಅವರ ಭಾಷೆಯಲ್ಲಿ ನಾಲಗೆ ಎನ್ನುತ್ತಾರಂತೆ. ನಾನು “ಮೂಕಿ” ಎಂದೆ. ಮೊಮ್ಮಗಳಿಗೆ ಆ ಪದ ಬಹಳ ಹಿಡಿಸಿತು. ಅಂದಿನಿಂದ ಆ ಮನೆಯಲ್ಲಿ ಅದು ಮೂಕಿಯೇ ಆಯಿತು.

ಈ ಹಂತದಲ್ಲಿ ನನ್ನ ಪಾತ್ರ ಸ್ಪ್ಯಾನರು ಕೊಡುವುದು, ಕೊಟ್ಟ ಸ್ಪ್ಯಾನರು ತಪ್ಪೆಂದು ತಿಳಿದು ಇನ್ನೊಂದು ಕೊಡುವುದು ಇಷ್ಟೇ.

ಜೂನ್‌ನಲ್ಲಿ ಚಾವಣಿಯ ಕೆಲಸ ಬಂದಿತು. ಇಲ್ಲಿ ನನ್ನೊಳಗಿನ ಮೇಷ್ಟರು ಎದ್ದು ಕುಳಿತರು. ಗುಲಾಬಿ ಹಲಗೆಗಳು ಮನೆಯ ಗೋಡೆಗೆ ಚಳಿ ತಡೆಯಲು ಹಾಕುವ ಗಟ್ಟಿ ಫೋಮ್. ಎಂಟಡಿ ಉದ್ದ, ನಾಲ್ಕಡಿ ಅಗಲ, ಎರಡಂಗುಲ ದಪ್ಪವಿದ್ದರೂ ಒಂದರ ತೂಕ ನಾಲ್ಕು ಕಿಲೋ ಆಸುಪಾಸು. ಆದರೆ ಹೆಬ್ಬೆರಳಿನಿಂದ ಒತ್ತಿದರೆ ತಗ್ಗು ಬೀಳುತ್ತದೆ. ಇದನ್ನು ಕತ್ತರಿಸಿ, ಅಂಟಿಸಿ, ಮೂಲೆಗಳನ್ನು ಉಜ್ಜಿ ದುಂಡಗೆ ಮಾಡಿ, ಒಳಗೂ ಹೊರಗೂ ಗಾಜಿನ ನೂಲಿನ ಬಟ್ಟೆ ಹೊದಿಸಿ, ಆ ಬಟ್ಟೆಗೆ ಎಪಾಕ್ಸಿ ಎಂಬ ರಾಳವನ್ನು ಕುಡಿಸಬೇಕು. ರಾಳ ಗಟ್ಟಿಯಾದ ಮೇಲೆ ಅದೇ ಫೈಬರ್‌ಗ್ಲಾಸ್. ಆಗ ಅದೇ ಮೆತ್ತನೆಯ ಹಲಗೆಯ ಮೇಲೆ ಆಳು ಹತ್ತಿ ನಿಲ್ಲಬಹುದು. ಬಲವೆಲ್ಲ ಇರುವುದು ಎರಡು ತೆಳು ಹೊದಿಕೆಗಳಲ್ಲಿ. ನಡುವಿನ ಫೋಮ್ ಅವೆರಡನ್ನೂ ದೂರ ದೂರ ಹಿಡಿದಿಡುತ್ತದೆ ಅಷ್ಟೆ. ರೈಲು ಕಂಬಿಯನ್ನು ಅಡ್ಡ ಕೊಯ್ದು ನೋಡಿದರೆ ಮೇಲೆ ಕೆಳಗೆ ದಪ್ಪ, ನಡುವೆ ಸಣ್ಣ ಸೊಂಟ ಇರುವುದಿಲ್ಲವೆ? ತತ್ತ್ವ ಅದೇ.

ನೂಲೂ ಅಂಟೂ ಸೇರಿ ಎರಡಕ್ಕೂ ಇಲ್ಲದ ಬಲ ಪಡೆಯುವುದನ್ನು ನಮ್ಮ ಅಜ್ಜಿಯರು ಬಲ್ಲರು. ಹಳೆಯ ಕಾಗದ ನೆನೆಹಾಕಿ, ಮೆಂತ್ಯದೊಡನೆ ರುಬ್ಬಿ, ಬಿದಿರಿನ ಮೊರಕ್ಕೂ ಕುಕ್ಕೆಗೂ ಬಳಿದು ಬಿಸಿಲಿಗಿಡುತ್ತಿದ್ದರು. ಬಿದಿರಿನ ಸೀಳು ಎಳೆತವನ್ನು ತಾಳುತ್ತದೆ, ಮೆಂತ್ಯದ ಅಂಟು ಸೀಳುಗಳನ್ನು ಅಲುಗದಂತೆ ಹಿಡಿಯುತ್ತದೆ, ಸಂದಿ ಮುಚ್ಚುತ್ತದೆ. ಅಂಥ ಮೊರ ಹತ್ತು ವರ್ಷ ಬಾಳುತ್ತಿತ್ತು.

ರಾಳದ ಆಯ್ಕೆಯಲ್ಲಿ ಒಂದು ಎಚ್ಚರ ಬೇಕು. ಅಗ್ಗವಾಗಿ ಸಿಗುವ ಪಾಲಿಯೆಸ್ಟರ್ ರಾಳದಲ್ಲಿ ಸ್ಟೈರೀನ್ ಇರುತ್ತದೆ. ಈ ಫೋಮ್ ಪಾಲಿಸ್ಟೈರೀನ್. ಒಂದು ಚೂರಿನ ಮೇಲೆ ಮಗ ಆ ರಾಳ ಸುರಿದು ತೋರಿಸಿದ. ಬಿಸಿ ನೀರಿಗೆ ಬಿದ್ದ ಬೆಲ್ಲದಂತೆ ಫೋಮ್ ಕರಗಿಹೋಯಿತು. ಆದ್ದರಿಂದ ದುಬಾರಿಯಾದರೂ ಎಪಾಕ್ಸಿಯೇ ಬೇಕು. ಎರಡು ಪಾಲು ರಾಳ, ಒಂದು ಪಾಲು ಗಟ್ಟಿಮಾಡುವ ದ್ರವ, ಇದು ನಮ್ಮ ಡಬ್ಬಿಯ ಲೆಕ್ಕ. ಕೈಗವಸು, ಮುಖಕ್ಕೆ ಮುಸುಕು, ತುಂಬುತೋಳಿನ ಅಂಗಿ ಕಡ್ಡಾಯ. ಗಾಜಿನ ದೂಳು ಚರ್ಮಕ್ಕೆ ಹತ್ತಿದರೆ ನಸುಗುನ್ನಿ ತಗುಲಿದ ಹಾಗೆ. “ಒಂದು ಸಲಕ್ಕೆ ಚಿಕ್ಕ ಲೋಟದಷ್ಟೇ ಕಲಸಬೇಕು ಅಪ್ಪ. ಕಲಸಿದ ತಕ್ಷಣ ಬಟ್ಟೆಯ ಮೇಲೆ ಸುರಿದು ಹರಡಿಬಿಡಬೇಕು” ಎಂದು ಮಗ ಎರಡು ಬಾರಿ ಹೇಳಿದ್ದ. ನಾನು ಎರಡು ಬಾರಿಯೂ ತಲೆಯಾಡಿಸಿದ್ದೆ.

ಒಂದು ಮಧ್ಯಾಹ್ನ ಅವನು ಮಹಡಿಯ ಕೋಣೆಯಲ್ಲಿ ಕಚೇರಿಯ ಮೀಟಿಂಗಿನಲ್ಲಿದ್ದ. ಗ್ಯಾರೇಜಿನಲ್ಲಿ ಸೆಕೆ. ಎಡಬದಿಯ ಗೋಡೆಗೆ ಬಟ್ಟೆ ಹಾಸಿ ಸಿದ್ಧವಾಗಿತ್ತು. ಅವನು ಬರುವಷ್ಟರಲ್ಲಿ ಮುಗಿಸಿ ಬೆರಗುಗೊಳಿಸೋಣ ಎಂದುಕೊಂಡೆ. ಪದೇ ಪದೇ ಚಿಕ್ಕ ಲೋಟದಲ್ಲಿ ಕಲಸುವುದು ಹೆಂಗಸರು ದೋಸೆ ಹಿಟ್ಟಿಗೆ ಉಪ್ಪು ನೋಡಿದಂತೆ ಎನಿಸಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಒಂದೇ ಸಲಕ್ಕೆ ಒಂದೂವರೆ ಲೀಟರಿನಷ್ಟು ಕಲಸಿದೆ. ಅರ್ಧ ಬಳಿಯುವಷ್ಟರಲ್ಲಿ ಬ್ರಷ್ಷು ಎಳೆಯಲಾರದಂತಾಯಿತು. ಬಟ್ಟೆ ಸುಕ್ಕುಗಟ್ಟಿತು. ತಿರುಗಿ ನೋಡಿದರೆ ಬಕೆಟ್ಟಿನಿಂದ ಹೊಗೆ! ಮುಟ್ಟಿದರೆ ಕೆಂಡ, ಬಕೆಟ್ಟಿನ ಬದಿ ಮೆತ್ತಗಾಗಿ ಜೋಲುತ್ತಿತ್ತು.

ಬಹಿರುಷ್ಣಕ ಕ್ರಿಯೆ. ಎಷ್ಟು ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ! ಸುಟ್ಟ ಸುಣ್ಣಕ್ಕೆ ನೀರು ಹಾಕಿ, ಕೊತಕೊತ ಕುದಿಯುವುದನ್ನು ತೋರಿಸಿ, “ಉಷ್ಣ ಎಲ್ಲಿಂದ ಬಂತು?” ಎಂದು ನಿಮ್ಮನ್ನೆಲ್ಲ ನಿಲ್ಲಿಸಿ ಕೇಳಿದ್ದೇನೆ. ರಾಳ ಗಟ್ಟಿಯಾಗುವಾಗ ಶಾಖ ಹೊಮ್ಮುತ್ತದೆ. ಬಟ್ಟೆಯ ಮೇಲೆ ತೆಳ್ಳಗೆ ಹರಡಿದರೆ ಆ ಶಾಖ ಗಾಳಿಗೆ ಹೋಗುತ್ತದೆ. ಬಕೆಟ್ಟಿನಲ್ಲಿ ರಾಶಿಯಾಗಿದ್ದರೆ ಹೋಗಲು ದಾರಿಯಿಲ್ಲ; ಶಾಖ ಕ್ರಿಯೆಯನ್ನು ತ್ವರೆಗೊಳಿಸುತ್ತದೆ, ಕ್ರಿಯೆ ಮತ್ತಷ್ಟು ಶಾಖವನ್ನು ಹೊಮ್ಮಿಸುತ್ತದೆ. ಪರೀಕ್ಷೆಯಲ್ಲಿ ಬರೆದಿದ್ದರೆ ಪೂರ್ತಿ ಅಂಕ ಸಿಗುತ್ತಿತ್ತು.

ವಾಸನೆಗೆ ಮಗ ಓಡಿ ಬಂದ. ಬಕೆಟ್ಟನ್ನು ಸಲಿಕೆಯ ಮೇಲೆತ್ತಿ ಹೊರಗಿನ ಕಾಂಕ್ರೀಟಿನ ಮೇಲಿಟ್ಟು ಬಂದ. ನಾನು ಅಪರಾಧಿಯಂತೆ ನಿಂತಿದ್ದೆ. ಗೋಡೆಯ ಕಡೆ ನೋಡುವ ಮೊದಲು ಅವನು ನನ್ನ ಕೈಗವಸು ಬಿಚ್ಚಿ ಬೆರಳುಗಳನ್ನು ತಿರುಗಿಸಿ ನೋಡಿದ. “ಕೈಗೇನೂ ಆಗ್ಲಿಲ್ಲ ತಾನೇ?” ಎಂದ. ಆಮೇಲೆ ಸುಕ್ಕುಗಟ್ಟಿದ ಬಟ್ಟೆಯನ್ನು ನೋಡಿ, “ಪರವಾಗಿಲ್ಲಪ್ಪ, ಉಜ್ಜಿ ತೆಗೆದು ಇನ್ನೊಂದು ಸಲ ಹಾಕೋಣ” ಎಂದನಷ್ಟೆ.

ಉಜ್ಜಲು ಎರಡು ದಿನ ಹಿಡಿಯಿತು. ಆ ಎರಡು ದಿನವೂ ನನ್ನ ಕಣ್ಣ ಮುಂದಿದ್ದುದು ಬೇರೊಂದು ಗಾಡಿ. 1993ರ ಜನವರಿ. ಅವನು ಎಸ್ಸೆಸ್ಸೆಲ್ಸಿ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕ ಕಡಿಮೆಯಾಗಿತ್ತು. ಒಂದು ಸಂಜೆ ಮನೆಗೆ ಬಂದರೆ ಹಿತ್ತಿಲಲ್ಲಿ ಬೇರಿಂಗ್ ಗಾಡಿ. ಸೇಬಿನ ಪೆಟ್ಟಿಗೆಯ ಹಲಗೆ, ನಾಲ್ಕು ಹಳೆಯ ಬೇರಿಂಗುಗಳು, ಮುಂದಿನ ಅಡ್ಡಪಟ್ಟಿಗೆ ಬೋಲ್ಟು ಹಾಕಿ ಕಾಲಿನಿಂದ ತಿರುಗಿಸುವ ವ್ಯವಸ್ಥೆ. ಈಗ ಯೋಚಿಸಿದರೆ ಎಷ್ಟು ಅಚ್ಚುಕಟ್ಟಾಗಿತ್ತು! ಕೈಗೆ ತರಚುಗಾಯವೂ ಆಗಿತ್ತು. ನಾನು ಕೈ ನೋಡಲಿಲ್ಲ, ಅಂಕಪಟ್ಟಿ ನೋಡಿದೆ. ಕೊಡಲಿ ತಂದು ಗಾಡಿಯನ್ನು ಸೀಳಿ ಬಚ್ಚಲಿನ ಹಂಡೆಯ ಒಲೆಗೆ ಹಾಕಿದೆ. ಬೂದಿಯಲ್ಲಿ ಉಳಿದ ಬೇರಿಂಗುಗಳು ಗುಜರಿಯವನ ಪಾಲಾದವು. ಅವನು ಅಳಲಿಲ್ಲ. ಆ ವರ್ಷ ಒಳ್ಳೆಯ ದರ್ಜೆಯಲ್ಲಿ ತೇರ್ಗಡೆಯಾದ. ನಾನು ಮಾಡಿದ್ದೇ ಸರಿ ಎಂದು ಎಷ್ಟೋ ಪಾಲಕರ ಸಭೆಗಳಲ್ಲಿ ಈ ಪ್ರಸಂಗವನ್ನು ಉದಾಹರಿಸಿಯೂ ಇದ್ದೇನೆ.

ಮುಂದಿನ ಭಾನುವಾರ ಟ್ರೇಲರಿನ ಗಾಲಿಗಳ ಬೇರಿಂಗಿಗೆ ಗ್ರೀಸ್ ತುಂಬುವ ಕೆಲಸ. ಅಂಗೈಯಲ್ಲಿ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಂಚನ್ನು ಅದಕ್ಕೆ ಒತ್ತಿ ಒತ್ತಿ ಉರುಳೆಗಳ ಸಂದಿಗೆಲ್ಲ ತುಂಬಬೇಕು. ಇಬ್ಬರೂ ತಲೆ ತಗ್ಗಿಸಿ ಕೂತಿದ್ದೆವು. ಮುಖ ನೋಡಬೇಕಾಗಿರಲಿಲ್ಲವಾದ್ದರಿಂದ ಧೈರ್ಯ ಬಂದಿತು. “ಆ ಗಾಡಿ ನಾನು ಸುಡಬಾರದಾಗಿತ್ತಪ್ಪ” ಎಂದೆ.

ಯಾವ ಗಾಡಿ ಎಂದು ಅವನು ಕೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಗಾಡಿ ಹೋದದ್ದಕ್ಕೆ ಬೇಜಾರಾಗಲಿಲ್ಲಪ್ಪ. ಇನ್ನೊಂದು ಮಾಡ್ಕೋಬಹುದಿತ್ತು. ಆ ಬೇರಿಂಗುಗಳು ಬಸ್ ಸ್ಟ್ಯಾಂಡ್ ಹತ್ತಿರದ ಲಾರಿ ಗ್ಯಾರೇಜಿನ ಮೇಸ್ತ್ರಿಯವರದು. ಪರೀಕ್ಷೆ ಮುಗಿದ ಮೇಲೆ ವಾಪಸ್ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೆ. ‘ಮೇಷ್ಟರ ಮಗ, ಕೊಡ್ತಾನೆ ಬಿಡು’ ಅಂತ ಕೊಟ್ಟಿದ್ರು. ಊರು ಬಿಡೋವರೆಗೂ ಆ ರಸ್ತೆಯಲ್ಲಿ ಹೋಗಲಿಲ್ಲ ನಾನು” ಎಂದ.

ಕೊಟ್ಟ ಮಾತನ್ನು ಉಳಿಸಿಕೊಳ್ಳಬೇಕೆಂದು ಪ್ರಾರ್ಥನೆಯ ಸಭೆಯಲ್ಲಿ ನೂರಾರು ಮಕ್ಕಳಿಗೆ ಉಪದೇಶಿಸಿದ ನಾನು, ನನ್ನ ಮಗನ ಮಾತನ್ನೇ ಒಲೆಗೆ ಹಾಕಿದ್ದೆ. ಮೂವತ್ತು ವರ್ಷ ಅದು ನನಗೆ ತಿಳಿದಿರಲಿಲ್ಲ. ಏನು ಹೇಳಲೂ ತೋಚಲಿಲ್ಲ. ಗ್ರೀಸ್ ತುಂಬುವುದನ್ನು ಮುಗಿಸಿದೆವು.

ಆ ದಿನದಿಂದ ಗ್ಯಾರೇಜಿನಲ್ಲಿ ಮಾತು ಹೆಚ್ಚಾಯಿತು. ಹೆಚ್ಚಿನದು ಗಾಡಿಯ ಕುರಿತಾಗಿಯೇ. ಆದರೆ ಅದರ ನಡುನಡುವೆ ಅವನ ಅಮ್ಮನ ಮಾತೂ ಬರುತ್ತಿತ್ತು.

ನಾನು ನಿಜವಾಗಿ ಉಪಯೋಗಕ್ಕೆ ಬಂದದ್ದು ಆಗಸ್ಟಿನಲ್ಲಿ, ತೂಕದ ವಿಷಯದಲ್ಲಿ. ಚಾವಣಿಗೆ ಬಣ್ಣವಾಗಿತ್ತು (ಎಪಾಕ್ಸಿಯನ್ನು ಬಣ್ಣ ಬಳಿಯದೆ ಬಿಸಿಲಿಗೆ ಬಿಟ್ಟರೆ ಕೆಡುತ್ತದೆ). ಅಕ್ಕಪಕ್ಕದವರನ್ನೂ ಕರೆದು ನಾಲ್ಕು ಜನ ಅದನ್ನೆತ್ತಿ, ರಬ್ಬರ್ ಪಟ್ಟಿಯ ಮೇಲೆ ಕೂರಿಸಿ ಬೋಲ್ಟು ಬಿಗಿದಿದ್ದರು. ಸಾಮಾನು ತುಂಬಿ ಲಾರಿಗಳನ್ನು ತೂಗುವ ಕಡೆ ತೂಗಿಸಿದಾಗ 720 ಕಿಲೋ. ಇದರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂಕಿಯ ಮೇಲೆ ಬೀಳಬೇಕೆಂಬುದು ಅಲ್ಲಿನ ವಾಡಿಕೆಯ ಲೆಕ್ಕ. ಕಡಿಮೆಯಾದರೆ ಹೆದ್ದಾರಿಯ ವೇಗದಲ್ಲಿ ಟ್ರೇಲರು ಹಾವಿನಂತೆ ಹರಿದಾಡಿ ಜೀಪನ್ನೂ ಉರುಳಿಸಬಹುದು. ಮೂಕಿಯ ಭಾರ ತಿಳಿಯುವುದು ಹೇಗೆ? ಮನೆಯಲ್ಲಿದ್ದುದು ಬಚ್ಚಲುಮನೆಯ ಪುಟ್ಟ ತೂಕದ ಯಂತ್ರ ಮಾತ್ರ; ಹೆಚ್ಚು ಭಾರ ಹಾಕಲು ಅಂಜಿಕೆ.

“ಸನ್ನೆ” ಎಂದೆ. ಒಂದು ಗಟ್ಟಿ ಹಲಗೆ ತರಿಸಿದೆ. ಒಂದು ತುದಿಗೆ ಇಟ್ಟಿಗೆಯ ಮೇಲೆ ಕೊಳವೆಯ ತುಂಡು, ಅದರಿಂದ ಮೂರಡಿ ದೂರದಲ್ಲಿ ತೂಕದ ಯಂತ್ರದ ಮೇಲೆ ಇನ್ನೊಂದು ತುಂಡು. ಇಟ್ಟಿಗೆಯಿಂದ ಒಂದಡಿಗೆ ಮೂಕಿಯನ್ನು ಇಳಿಸಿದರೆ ಯಂತ್ರದ ಮೇಲೆ ಬೀಳುವುದು ಮೂರನೆಯ ಒಂದು ಪಾಲು. ಹಲಗೆಯ ತೂಕಕ್ಕಾಗಿ ಮೊದಲು ತೋರಿದ್ದನ್ನು ಕಳೆದರಾಯಿತು. ಯಂತ್ರ ತೋರಿಸಿದ್ದು 14 ಕಿಲೋ. ಅಂದರೆ ಮೂಕಿಯ ಮೇಲೆ 42. ನೂರಕ್ಕೆ ಆರು ಪಾಲೂ ಇಲ್ಲ! ಕಾರಣ, ಎಂಬತ್ತು ಲೀಟರಿನ ನೀರಿನ ತೊಟ್ಟಿ ಅಚ್ಚಿನ ಹಿಂದಿತ್ತು. ತೊಟ್ಟಿಯನ್ನೂ ಹತಾರದ ಪೆಟ್ಟಿಗೆಯನ್ನೂ ಅಚ್ಚಿನ ಮುಂದಕ್ಕೆ ಸರಿಸಿ ನೋಡಿದರೆ 27 ಕಿಲೋ, ಅಂದರೆ 81. ಸರಿಹೋಯಿತು.

ನನ್ನ ತಂದೆಗೆ ಸನ್ನೆಯ ಸೂತ್ರ ತಿಳಿದಿರಲಿಲ್ಲ. ಆದರೆ ಹಿಂಭಾರವಾದರೆ ಮೂಕಿ ಎದ್ದು ಕೊರಳ ಹಗ್ಗ ಎತ್ತಿನ ಗಂಟಲಿಗೆ ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ ಎಂದು ಮೂಟೆಗಳನ್ನು ಹಿಂದೆ ಮುಂದೆ ಸರಿಸಿ, ಒಂದು ಕೈಯಲ್ಲಿ ಮೂಕಿ ಎತ್ತಿ ನೋಡಿ ಗಾಡಿ ಹೂಡುತ್ತಿದ್ದರು. ಮಗ ಇದನ್ನು ಕೇಳಿ, ತಾನೂ ಒಂದು ಸಲ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡಿದ.

ಮನೆಯಲ್ಲಿ ಕಟ್ಟಿದ ಗಾಡಿಯನ್ನೂ ಅಲ್ಲಿ ಪರೀಕ್ಷಿಸಿ, ರಾಜ್ಯದಿಂದ ಗುರುತಿನ ಸಂಖ್ಯೆ ಕೊಟ್ಟು ನೋಂದಾಯಿಸುತ್ತಾರೆ. ಅದೂ ಮುಗಿದು ಸೆಪ್ಟೆಂಬರ್ ಮಧ್ಯದಲ್ಲಿ, ಅಮಾವಾಸ್ಯೆಯ ಆಸುಪಾಸಿನಲ್ಲಿ ಹೊರಟೆವು. ಸಮುದ್ರಮಟ್ಟದಿಂದ 3,400 ಮೀಟರ್ ಎತ್ತರದಲ್ಲಿರುವ ಐಸನ್‌ಹೋವರ್ ಸುರಂಗವನ್ನು ದಾಟಿ, ಪಶ್ಚಿಮಕ್ಕೆ ಯೂಟಾ ರಾಜ್ಯದ ಸ್ಯಾನ್ ರಫೇಲ್ ಸ್ವೆಲ್ ಎಂಬ ಮರುಭೂಮಿ. ಹೆದ್ದಾರಿ ಬಿಟ್ಟ ಮೇಲೆ ಮಣ್ಣಿನ ದಾರಿ, ತೊಳೆಯುವ ಹಲಗೆಯಂತೆ ಮಡಿಕೆ ಮಡಿಕೆ. ಹಿಂದೆ ಟ್ರೇಲರು ಗಡಗಡ ನಡುಗುವಾಗ ನನ್ನ ಎಡಬದಿಯ ಗೋಡೆ ಸೀಳಿತೇನೋ ಎಂದು ತಿರುಗಿ ತಿರುಗಿ ನೋಡುತ್ತಿದ್ದೆ. ದಾರಿಯಲ್ಲಿ ಬಕ್‌ಹಾರ್ನ್ ಕಣಿವೆಯ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕೆಂಪು ಚಿತ್ರಗಳಿವೆ. ಆಳೆತ್ತರದ, ರೆಕ್ಕೆ ಬಿಚ್ಚಿದಂಥ ಆಕೃತಿಗಳು. ಅಲ್ಲಿಂದ ಮುಂದೆ, ಕೆಳಗೆ ಪಾತಾಳದಲ್ಲಿ ನದಿ ಹರಿಯುವ ಕಮರಿಯ ಅಂಚಿನಲ್ಲಿ ಬಿಡಾರ.

ಹಿಂದಿನ ಬಾಗಿಲು ತೆರೆದರೆ ತಟ್ಟೆ, ಪಾತ್ರೆ, ಅಕ್ಕಿಯ ಚೀಲ ಎಲ್ಲದರ ಮೇಲೂ ನಯವಾದ ಕೆಂಪು ದೂಳು! ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ತಗ್ಗುತ್ತದೆ. ಆ ಸುಳಿಯಲ್ಲಿ ಸಿಕ್ಕ ದೂಳು ಅಲ್ಲೇ ಸುತ್ತಿ ಸಣ್ಣ ಸಂದಿಯಿಂದಲೂ ಒಳಕ್ಕೆ ನುಗ್ಗುತ್ತದೆ. ಬಾಗಿಲಿನ ರಬ್ಬರ್ ಪಟ್ಟಿ ಒಂದು ಮೂಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ಸೊಸೆ ನಗುತ್ತ ಪಾತ್ರೆ ತೊಳೆದು ಅನ್ನ ಸಾರು ಮಾಡಿದಳು. ಚಾವಣಿಗೆ ಮಾತ್ರ ಒಂದು ಬಿರುಕೂ ಬಂದಿರಲಿಲ್ಲ. ಎಡಬದಿಯನ್ನು ನಾನು ಟಾರ್ಚು ಹಿಡಿದು ಅಂಗುಲ ಅಂಗುಲ ನೋಡಿದೆ.

ರಾತ್ರಿ ಮೊಮ್ಮಗಳು, “ತಾತ, ಬನ್ನಿ” ಎಂದು ಎಬ್ಬಿಸಿ ಮೂಕಿಯ ಮೇಲೆ ಕೂರಿಸಿದಳು. ಆಕಾಶಗಂಗೆ ಕಮರಿಯ ಈ ದಡದಿಂದ ಆ ದಡಕ್ಕೆ ಹಬ್ಬಿತ್ತು. ಚಿಕ್ಕಂದಿನಲ್ಲಿ ಗಾಡಿಯ ಕೆಳಗೆ ಮಲಗಿ ನೋಡಿದ ಮೇಲೆ ಅಂಥ ಆಕಾಶವನ್ನು ನೋಡಿರಲಿಲ್ಲ. ಮಗನೂ ಬಂದು ಪಕ್ಕದಲ್ಲಿ ಕೂತ. “ಅಮ್ಮ ಇದ್ದಿದ್ರೆ ಈ ಚಳಿಗೆ ಬೈತಿದ್ರು” ಎಂದ. ಹೌದು, ಖಂಡಿತ ಬೈಯುತ್ತಿದ್ದಳು.

ಅಕ್ಟೋಬರಿನಲ್ಲಿ ಊರಿಗೆ ಮರಳಿದೆ. ಬಕೆಟ್ಟಿನಲ್ಲಿ ಗಟ್ಟಿಯಾದ ಹಳದಿ ರಾಳದ ಗಡ್ಡೆ ಈಗ ನನ್ನ ಮೇಜಿನ ಮೇಲೆ ಕಾಗದಗಳು ಹಾರದಂತೆ ಕೂತಿದೆ. ಬಂದ ವಾರವೇ ಅಂಗಡಿಯಲ್ಲಿ ನಾಲ್ಕು ಬೇರಿಂಗುಗಳನ್ನು ಕೊಂಡು ಬಸ್ ಸ್ಟ್ಯಾಂಡ್ ಬಳಿಯ ಆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ತೀರಿಕೊಂಡು ಬಹಳ ವರ್ಷಗಳಾಗಿವೆ. ಈಗ ಅವರ ಮಗ ನಡೆಸುತ್ತಿದ್ದಾನೆ. ವಿಷಯ ಹೇಳಿದೆ. ಅವನಿಗೆ ಏನೂ ಗೊತ್ತಿರಲಿಲ್ಲ. ನಕ್ಕು, ಬೇಡ ಸಾರ್ ಎಂದ. ನಾನು ಬಿಡಲಿಲ್ಲ. ಕೊನೆಗೆ ತೆಗೆದುಕೊಂಡು, ತಂದೆಯ ಪಟದ ಕೆಳಗಿನ ಹಲಗೆಯ ಮೇಲಿಟ್ಟ.

ನನ್ನ ವಿದ್ಯಾರ್ಥಿಗಳಲ್ಲಿ ಯಾರದಾದರೂ ಬುಗುರಿ, ಗಾಳಿಪಟ, ತಂತಿಯ ಗಾಡಿ, ಬಿಚ್ಚಿದ ರೇಡಿಯೋ ಇಂಥದ್ದನ್ನು ನಾನು ಕಿತ್ತುಕೊಂಡು ಹಿಂದಿರುಗಿಸದೆ ಇದ್ದರೆ, ಈ ಮುದುಕನಿಗೆ ತಿಳಿಸಿ. ವಸ್ತು ಸಿಗಲಿಕ್ಕಿಲ್ಲ, ಅದನ್ನು ಹೇಗೆ ಮಾಡಿದ್ದಿರಿ ಎಂದಾದರೂ ಕೇಳಿಕೊಳ್ಳುತ್ತೇನೆ.

ಗ್ಯಾರೇಜಿನಿಂದ ಬಂದ ಸಂಜೆ ನಾನೇ ಮಗನಿಗೆ ಫೋನ್ ಮಾಡಿ ಬೇರಿಂಗಿನ ವಿಷಯ ತಿಳಿಸಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಥ್ಯಾಂಕ್ಸ್ ಅಪ್ಪ” ಎಂದ. ಆಮೇಲೆ ಹಿಂದಿನ ಬಾಗಿಲಿಗೆ ಹೊಸ ರಬ್ಬರ್ ಪಟ್ಟಿ ಹಾಕಿದ್ದನ್ನೂ, ಆದರೂ ಮೂಲೆಯಲ್ಲಿ ಇನ್ನೂ ಸ್ವಲ್ಪ ದೂಳು ಬರುತ್ತಿರುವುದನ್ನೂ ಹೇಳತೊಡಗಿದ. ಗಡಿಯಾರ ನೋಡಿದಾಗ ನಲವತ್ತು ನಿಮಿಷವಾಗಿತ್ತು.